ಜಾಲಹಳ್ಳಿಯ ಮನೆಯೆಣಿಕೆ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ಯಶವಂತಪುರವನ್ನು ದಾಟಿ ಮುಂದೆ ಸಾಗಿದರೆ ಬಲಗಡೆಗೆ ಜಾಲಹಳ್ಳಿಯು ಸಿಕ್ಕುವುದು. ಹೆಸರಿನಲ್ಲಿ ಹಳ್ಳಿಯೆಂಬುದು ಉಳಿದಿದೆಯಾದರೂ ಈಗ ಅದು ಮಹಾನಗರದೊಳಗಣ ಒಂದು ಬಡಾವಣೆ. ಆದರೂ ಅಲ್ಲಿಯ ಬಹುಮಹಡಿಯ ಕಟ್ಟಡದಲ್ಲಿ ಮನೆ ಕೊಂಡವರು ತಮ್ಮ ಕ್ರಯಪತ್ರವನ್ನು ಬಿಚ್ಚಿದರೆ, ಬೆಂಗಳೂರು ಉತ್ತರ ತಾಲ್ಲೂಕು, ಯಶವಂತಪುರ ಹೋಬಳಿ, ಜಾಲಹಳ್ಳಿ ಗ್ರಾಮ ಎಂಬ ಬರಹವನ್ನೂ ಅದರ ಕೆಳಗೆ ಹೊಲದ ಸರ್ವೆ ನಂಬರನ್ನೂ ಕಾಣುವರು. ಹೊಲ ಹೋಯಿತು, ಹೊಲದ ಲೆಕ್ಕ ಉಳಿಯಿತು. ಈ ಲೆಕ್ಕವನ್ನು ಹಿಂದೆ ಯಾರು ಇಟ್ಟರು, ಈಗ ಯಾರು ಇಡುವರು ಎಂದು ವಿಚಾರಿಸುವುದು ಗೃಹಸ್ಥರಾದ ನಮಗೆ ನಿಷ್ಪ್ರಯೋಜಕವಲ್ಲ.

ಮೈಸೂರು ಸೀಮೆಯ ಎಲ್ಲ ಗ್ರಾಮಗಳಂತೆ ಇಲ್ಲಿಯ ಆಡಳಿತವೂ ಕೆಲವೇ ಜನರ ಕೈಯಲ್ಲಿದ್ದಿತು. ಪಟೇಲನು ಕಂದಾಯವನ್ನು ವಸೂಲುಮಾಡಿ ಊರಿನ ಶಾಂತಿಯನ್ನು ನೋಡಿಕೊಳ್ಳುವನು. ಶಾನುಭೋಗನು ಲೆಕ್ಕಪತ್ರಗಳನ್ನು ಬರೆಯುವನು. ತಳವಾರನಿಗೆ ಕಾವಲು, ತೋಟಿಗೆ ಊರಿನ ಚಾಕರಿ, ನೀರುಗಂಟಿಗೆ ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವ ಕೆಲಸ. ಕಮ್ಮಾರ, ಬಡಗಿ, ಅಗಸ, ಕುಂಬಾರ ಮೊದಲಾದ ಆಯಗಾರರು ಸುಗ್ಗಿಯಲ್ಲಿ ಕಣದಿಂದಲೇ ತಮ್ಮ ಪಾಲಿನ ಧಾನ್ಯವನ್ನು ಪಡೆಯುತ್ತಿದ್ದರು.

ಶಾನುಭೋಗನ ಲೆಕ್ಕಗಳಲ್ಲಿ ಒಂದಕ್ಕೆ ಖಾನೇಷುಮಾರಿ ಎಂದು ಹೆಸರು. ಇದು ಪಾರಸೀ ಮಾತು. ಖಾನೆ ಎಂದರೆ ಮನೆ, ಷುಮಾರಿ ಎಂದರೆ ಎಣಿಕೆ. ಪಾರಸೀಕ ದೇಶದ ಹಳ್ಳಿಗಳಲ್ಲಿಯೂ ಗ್ರಾಮದ ಮುಖಂಡನನ್ನು ಬಹುಕಾಲ ‘ಕದ್‌ಖುದಾ’ ಎನ್ನುತ್ತಿದ್ದರು. ಮನೆಯ ಒಡೆಯನೆಂದು ಅದರ ಅರ್ಥ. ಈಗ ಅಲ್ಲಿ ಚುನಾಯಿತ ಗ್ರಾಮಸಭೆಯೂ ‘ದೆಹ್ಯಾರ್’ ಎಂಬ ಕಾರ್ಯನಿರ್ವಾಹಕನೂ ಇರುವರು. ಆದರೂ ಆ ದೇಶದ ಜನಗಣತಿಯ ಪಟ್ಟಿಗಳಲ್ಲಿ ಪ್ರತಿ ಹಳ್ಳಿಯ ಜನಸಂಖ್ಯೆಯ ಜೊತೆಗೆ ಅಲ್ಲಿಯ ಕುಟುಂಬಗಳ ಸಂಖ್ಯೆಯೂ ಇದ್ದೇ ಇರುವುದು. ಅಲ್ಲಿಯಾಗಲಿ ಇಲ್ಲಿಯಾಗಲಿ, ಗ್ರಾಮವೆಂದರೆ ಮನೆಗಳ ಕೂಟವೆಂಬುದೇ ಹಿಂದಿನವರ ಭಾವನೆ.

ಎಣಿಕೆಯಿಂದ ಏನು ಲಾಭವೆಂದು ಕೇಳುವವರುಂಟು. ಮೈಸೂರಿನಲ್ಲಿ ಆಧುನಿಕ ಕ್ರಮದ ಮೊದಲ ಜನಗಣತಿಯು 1871ರಲ್ಲಿ ನಡೆಯಿತು. ಆಗ ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ. 1881ರಲ್ಲಿ ಮತ್ತೆ ಎಣಿಸಿದಾಗ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ನಡುವೆ 1876ರಿಂದ 1878ರವರೆಗಿನ ಘೋರ ಕ್ಷಾಮವು ಬಂದುಹೋಗಿತ್ತು. ಎರಡು ಎಣಿಕೆಗಳೂ ಇಲ್ಲದೆ ಹೋಗಿದ್ದರೆ ಎಷ್ಟು ಮನೆಗಳ ದೀಪ ಆರಿತೆಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ಎಣಿಸಲ್ಪಡದವರು ಸತ್ತರೂ ಲೆಕ್ಕಕ್ಕೆ ಬರಲಾರರು.

ಜಾಲಹಳ್ಳಿಯ ಭಾಗ್ಯವು ಎರಡನೆಯ ಮಹಾಯುದ್ಧದಿಂದ ಬೇರೆ ದಾರಿ ಹಿಡಿಯಿತು. ಆಗ ಇಲ್ಲಿ ಸೈನಿಕ ಆಸ್ಪತ್ರೆಗಳು ಎದ್ದವು. ಅನಂತರ ವಾಯುಪಡೆಯು ನೆಲೆಯೂರಿತು. 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪಿತವಾದವು. ನಾನಾ ಸೀಮೆಗಳಿಂದ ಕೆಲಸಗಾರರು ಬಂದು ನೆಲೆಸಿದರು. ಹಳೆಯ ಗಂಗಮ್ಮನ ಗುಡಿಯಿದ್ದ ಊರಿನಲ್ಲಿ ಅಯ್ಯಪ್ಪನ ದೇವಾಲಯವೂ ಎದ್ದಿತು. 1941ರಲ್ಲಿ ಸುಮಾರು 4 ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆಯು 2011ರಲ್ಲಿ 84 ಲಕ್ಷವನ್ನು ಮೀರಿತು. ಹೀಗೆ ಬೆಳೆದ ನಗರದ ಹೊಟ್ಟೆಯಲ್ಲಿ ಹಳ್ಳಿಯು ಸೇರಿಹೋದುದರಲ್ಲಿ ಆಶ್ಚರ್ಯವೇನು?

ಆಡಳಿತವೂ ಅದೇ ವೇಗದಲ್ಲಿ ಬದಲಾಯಿತು. 1961ರ ಕಾಯಿದೆಯು 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು, ವಂಶಪಾರಂಪರ್ಯವಾದ ಪಟೇಲಿಕೆ, ಶಾನುಭೋಗಿಕೆಗಳು ರದ್ದಾದವು. ಸಂಬಳದ ಗ್ರಾಮಲೆಕ್ಕಿಗನು ಬಂದನು. 2007ರಲ್ಲಿ 7 ನಗರಸಭೆಗಳನ್ನೂ 1 ಪುರಸಭೆಯನ್ನೂ 110 ಹಳ್ಳಿಗಳನ್ನೂ ಹಳೆಯ ನಗರಕ್ಕೆ ಕೂಡಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಿದರು. ಜಾಲಹಳ್ಳಿಯು ಅದರ ಒಂದು ವಾರ್ಡಾಯಿತು. 2025ರಲ್ಲಿ ಆ ಪಾಲಿಕೆಯನ್ನೂ ಒಡೆದು 5 ಪಾಲಿಕೆಗಳನ್ನು ಮಾಡಿ, ಮೇಲೊಂದು ಪ್ರಾಧಿಕಾರವನ್ನು ಇಟ್ಟರು.

ಹಳೆಯ ಕ್ರಮವನ್ನು ಕೊಂಡಾಡುವುದು ನಮ್ಮ ಉದ್ದೇಶವಲ್ಲ. ಹುಟ್ಟಿನಿಂದ ಅಧಿಕಾರ ಬರುವುದು ಎಷ್ಟು ಅನ್ಯಾಯವೋ, ಹುಟ್ಟಿನಿಂದ ತೋಟಿಯ ಚಾಕರಿ ಬರುವುದೂ ಅಷ್ಟೇ ಅನ್ಯಾಯ. ಅದು ತೊಲಗಿದ್ದು ಒಳ್ಳೆಯದೇ ಆಯಿತು. ಆದರೆ ಒಂದು ಮಾತನ್ನು ಮರೆಯಬಾರದು. ಶಾನುಭೋಗನು ಯಾವ ಮನೆಯಲ್ಲಿ ಎಷ್ಟು ಜನವೆಂಬುದನ್ನು ಕೇಳದೆಯೇ ಬಲ್ಲವನಾಗಿದ್ದನು. ಇಂದಿನ ಅಧಿಕಾರಿಯು ನ್ಯಾಯವಾಗಿ ನೇಮಕಗೊಂಡವನು. ಆದರೆ ಅವನಿಗೆ ನಮ್ಮ ಬೀದಿಯ ಪರಿಚಯವಿಲ್ಲ. ಎದುರು ಮನೆಯವರ ಹೆಸರು ನಮಗೂ ತಿಳಿಯದು. ತಿಳಿಸುವ ಹೊಣೆಯು ಹೀಗೆ ಗೃಹಸ್ಥನ ಮೇಲೆಯೇ ಬಿದ್ದಿದೆ.

2021ರಲ್ಲಿ ಆಗಬೇಕಾಗಿದ್ದ ಜನಗಣತಿಯು ಆಗಲಿಲ್ಲ. ಮುಂದಿನ ಎಣಿಕೆಯನ್ನು 2027ಕ್ಕೆ ಗೊತ್ತುಮಾಡಿರುವರು. ಶಾಲೆಯಾಗಲಿ ಆಸ್ಪತ್ರೆಯಾಗಲಿ ಕುಡಿಯುವ ನೀರಾಗಲಿ, ಯಾವ ಬಡಾವಣೆಗೆ ಎಷ್ಟು ಬೇಕೆಂಬುದನ್ನು ಆ ಅಂಕಿಗಳಿಂದಲೇ ಅಂದಾಜುಮಾಡುವರು. ಆದಕಾರಣ ಎಣಿಸುವವರು ಬಾಗಿಲಿಗೆ ಬಂದಾಗ ಬೇಸರಪಡದೆ, ಹಸುಗೂಸಿನಿಂದ ಹಿಡಿದು ಮೂಲೆಯ ಕೋಣೆಯ ಮುದುಕಿಯವರೆಗೆ, ಮನೆಯಲ್ಲೇ ತಂಗಿರುವ ಕೆಲಸದಾಕೆಯನ್ನೂ ಬಿಡದೆ, ಎಲ್ಲರ ಹೆಸರನ್ನೂ ಬರೆಸುವುದು ಯುಕ್ತ. ಹಿಂದೆ ಶಾನುಭೋಗನು ಬರೆದಿಡುತ್ತಿದ್ದುದನ್ನು ಇನ್ನು ಮನೆಯವರೇ ನೆನಪಿಟ್ಟು ಹೇಳಬೇಕಾಗಿದೆ.