ಕ್ಲಚ್ ಇಲ್ಲದ ಲಾರಿ, ದಿಂಬಂ ಇಳಿಜಾರು

ಮಂಡ್ಯ, ಮದ್ದೂರಿನ ಸಮತಟ್ಟು ರಸ್ತೆಗಳಲ್ಲಿ ಕೈ ಪಳಗಿಸಿಕೊಂಡ ಹೊಸ ಚಾಲಕರಿಗೆ ಕ್ಲಚ್ ಪೆಡಲ್ ಇಲ್ಲದ ಲಾರಿ ಸಲೀಸು ಅನ್ನಿಸುವುದು ಸಹಜ. ಆದರೆ ಮಳವಳ್ಳಿ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 948, ಚಾಮರಾಜನಗರ ದಾಟಿದ ಮೇಲೆ ದಿಂಬಂ ಘಾಟಿನ 27 ಹೇರ್‌ಪಿನ್ ತಿರುವುಗಳಲ್ಲಿ ಇಳಿಯುತ್ತದೆ. 16 ಟನ್ ತೂಕದ ಲಾರಿ ಬರೀ 100 ಮೀಟರ್ ಎತ್ತರ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 50 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಲ್ಲದು. ಅಷ್ಟು ಶಾಖವನ್ನು ಬ್ರೇಕ್ ಡ್ರಮ್ಮುಗಳೇ ನುಂಗಬೇಕಾದರೆ ಲೈನರ್ ಕಾದು ಹಿಡಿತ ಬಿಡುತ್ತದೆ. ಆಮೇಲೆ ಪೆಡಲ್ ಎಷ್ಟು ತುಳಿದರೂ ಪ್ರಯೋಜನವಿಲ್ಲ.

ಗೇರನ್ನು ಯಂತ್ರವೇ ನೋಡಿಕೊಳ್ಳುತ್ತದಲ್ಲ ಎನ್ನಬಹುದು. ಸಾಮಾನ್ಯ ಆಟೋ ಗೇರಿಗೆ ಈ ಕ್ಷಣದ ವೇಗ ಗೊತ್ತು, ಮುಂದಿನ ತಿರುವು ಗೊತ್ತಿಲ್ಲ. ಎಂಜಿನ್ ಸುತ್ತು ಏರಿದರೆ ಮೇಲಿನ ಗೇರಿಗೂ ಹೋದೀತು. ಆದ್ದರಿಂದ ಇಳಿಜಾರು ಶುರುವಾಗುವ ಮೊದಲೇ ವೇಗ ತಗ್ಗಿಸಿ, ಮ್ಯಾನುಯಲ್‌ಗೆ ಹಾಕಿ, ಕೆಳಗಿನ ಗೇರ್ ಹಿಡಿದು, ಎಂಜಿನ್ ಹೊಗೆಯನ್ನು ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಬಳಸಿ; ಆಗ ಬ್ರೇಕ್ ಡ್ರಮ್ಮಿನ ಹೊರೆಯನ್ನು ಎಂಜಿನ್ನೂ ಹೊರುತ್ತದೆ. ಎಂಜಿನ್ ಹಾಳಾಗುತ್ತದೆಂಬ ಭಯ ಬೇಡ, ಸುತ್ತು ಕೆಂಪು ಗೆರೆ ದಾಟದಿದ್ದರೆ ಸಾಕು. ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತದೆ ಎಂಬುದಂತೂ ಜೀವಕ್ಕೇ ಕುತ್ತು ತರುವ ನಂಬಿಕೆ: ಈಗಿನ ಎಂಜಿನ್‌ಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಿ ಉರಿಯುತ್ತಲೇ ಇರುತ್ತದೆ. ಮಳೆಯಲ್ಲಿ ಖಾಲಿ ಲಾರಿಯಾದರೆ ಮಾತ್ರ ಎಕ್ಸಾಸ್ಟ್ ಬ್ರೇಕನ್ನು ಹಿತಮಿತವಾಗಿ ಬಳಸಿ, ಹಿಂದಿನ ಚಕ್ರ ಜಾರಬಹುದು.