ಎಲೆಗೊಂದು ನ್ಯಾಯ, ಹೂವಿಗೊಂದು ನ್ಯಾಯ

ಮದ್ಯ ಇರಬಹುದಾದರೆ ಗಾಂಜಾ ಏಕಿರಬಾರದು ಎಂಬ ವಾದ ನಮ್ಮ ಕಚೇರಿಯಲ್ಲಿ ಊಟದ ವೇಳೆಗೆ ಆಗಾಗ ಏಳುತ್ತದೆ. ಕಿರಿಯರು ಹೌದೆನ್ನುತ್ತಾರೆ, ಹಿರಿಯರು, ಒಂದು ಪೀಡೆ ಸಾಲದೆ ಎನ್ನುತ್ತಾರೆ. ಕಾಯಿದೆಯನ್ನು ಓದಿದವರು ಎರಡೂ ಪಕ್ಷದಲ್ಲಿ ಕಡಿಮೆ. ಓದಿದರೆ ಮೊದಲು ಬೆರಗು ಹುಟ್ಟಿಸುವುದು ಅದರ ವ್ಯಾಖ್ಯೆ. 1985ರ ಎನ್‌ಡಿಪಿಎಸ್ ಕಾಯಿದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ, ಚರಸ್ ಎಂದರೆ ಅದರ ರಾಳ. ತುದಿಯಿಂದ ಬೇರ್ಪಟ್ಟ ಬೀಜಕ್ಕೂ ಎಲೆಗೂ ಅದು ಅನ್ವಯಿಸದು. ಆದ್ದರಿಂದ ಎಲೆಯಿಂದಾದ ಭಂಗಿ ರಾಜ್ಯಗಳ ಅಬಕಾರಿ ವಿಷಯವಾಗಿ ಉಳಿದಿದೆ. ಯಮುನೆಯಾಚೆಯ ಉತ್ತರ ಪ್ರದೇಶದಲ್ಲಿ ಅದಕ್ಕೆ ಪರವಾನಗಿ ಪಡೆದ ಅಂಗಡಿಗಳೇ ಇವೆ. 2022ರಲ್ಲಿ ನಮ್ಮ ಕರ್ನಾಟಕದ ಹೈಕೋರ್ಟೂ ಜಾಮೀನು ಪ್ರಕರಣವೊಂದರಲ್ಲಿ ಭಂಗಿ ಈ ಕಾಯಿದೆಯ ವ್ಯಾಪ್ತಿಗೆ ಬಾರದೆಂದು ಹೇಳಿತು.

ಹೋಳಿಯ ದಿನ ನಮ್ಮ ವಸತಿ ಸಮುಚ್ಚಯದಲ್ಲಿ ಭಂಗಿ ಬೆರೆತ ಠಂಡಾಯಿ ಕೈಯಿಂದ ಕೈಗೆ ಸಾಗುತ್ತದೆ. ಸಂಜೆ ಅದೇ ಕೈಗಳಲ್ಲಿ ವಿಸ್ಕಿ. ಇದೇ ಸಮುಚ್ಚಯದ ಒಬ್ಬ ಹುಡುಗನ ಜೇಬಿನಲ್ಲಿ ಬೆರಳುದ್ದದ ಗಾಂಜಾ ಪೊಟ್ಟಣ ಸಿಕ್ಕಿತು. ಕಾಯಿದೆಯಲ್ಲಿ ಒಂದು ಕಿಲೋದವರೆಗೂ 'ಅಲ್ಪ ಪ್ರಮಾಣ'ವೇ. ಆದರೂ ಒಂದು ವರ್ಷದವರೆಗೆ ಕಠಿಣ ಸಜೆ, ಹತ್ತು ಸಾವಿರದವರೆಗೆ ದಂಡ, ಅಥವಾ ಎರಡೂ ಆಗಬಹುದು. ಅವನ ತಂದೆ ನನ್ನಲ್ಲಿಗೆ ಬಂದು ಕೇಳಿದ್ದು ಸಜೆಯ ಬಗ್ಗೆಯಲ್ಲ. ಹುಡುಗ ಕೇಂದ್ರ ಸರ್ಕಾರದ ನೇಮಕಾತಿ ಪರೀಕ್ಷೆಗೆ ಓದುತ್ತಿದ್ದ. ನೇಮಕದ ವೇಳೆ ತುಂಬುವ ದೃಢೀಕರಣ ಪತ್ರದಲ್ಲಿ ಎಂದಾದರೂ ಬಂಧನವಾಗಿದೆಯೇ ಎಂಬ ಅಂಕಣವಿದೆ; ಅಲ್ಲಿ ಏನು ಬರೆಯಬೇಕು? ಬರೆದರೆ ಕಡತ ನಿಲ್ಲುತ್ತದೆ, ಮುಚ್ಚಿಟ್ಟರೆ ನೌಕರಿಯೇ ಹೋಗಬಹುದು. ನಿಜವನ್ನೇ ಬರೆಯಿರಿ ಎಂದೆ. ಅವರು ಚಹಾ ಮುಟ್ಟದೆ ಎದ್ದು ಹೋದರು.

ಗಾಂಜಾ ನಿರಪಾಯವೆಂದು ನಾನು ಹೇಳಲಾರೆ. ಇಲ್ಲೇ ಗಾಜಿಯಾಬಾದಿನಲ್ಲಿರುವ ಏಮ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಅದರಂತೆ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ, ಅವರಲ್ಲಿ ಹಾನಿಕರ ಬಳಕೆಗೆ ಅಥವಾ ವ್ಯಸನಕ್ಕೆ ಸಿಕ್ಕವರು 5.7 ಕೋಟಿ. ಭಂಗಿ, ಗಾಂಜಾ, ಚರಸ್ ಎಲ್ಲ ಸೇರಿ 3.1 ಕೋಟಿ, ನೆರವು ಬೇಕಾದವರು 72 ಲಕ್ಷ. ಅಂದರೆ ಕುಡಿಯುವವರಲ್ಲಿ ಮೂವರಿಗೊಬ್ಬರಿಗಿಂತ ಹೆಚ್ಚು, ಈ ಗಿಡದ ಬಳಕೆದಾರರಲ್ಲಿ ನಾಲ್ವರಿಗೊಬ್ಬರ ಹತ್ತಿರ. ಭಂಗಿಗಿಂತ ಗಾಂಜಾ-ಚರಸ್‌ಗಳ ಹಿಡಿತ ಬಿಗಿ ಎಂಬುದನ್ನೂ ವರದಿ ಮರೆಮಾಚಿಲ್ಲ. 72 ಲಕ್ಷ ಸಣ್ಣ ಸಂಖ್ಯೆಯಲ್ಲ. ಆದರೆ ದೊಡ್ಡ ಸಂಖ್ಯೆಗೆ ಅಂಗಡಿ, ಚಿಕ್ಕ ಸಂಖ್ಯೆಗೆ ಠಾಣೆ ಎಂಬುದು ಯಾವ ತಕ್ಕಡಿಯ ಲೆಕ್ಕ? (ಕೋಲ್‌ರಿಜ್‌ನ ಅಫೀಮನ್ನು ಎಂ.ಎ. ತರಗತಿಯಲ್ಲಿ ಕಾವ್ಯದ ಸಂಗತಿಯೆಂದೇ ಓದಿದವರು ನಾವು.)

ವಸಾಹತು ಸರ್ಕಾರವೇ ಈ ಲೆಕ್ಕ ಹಾಕಿ ನೋಡಿತ್ತು. 1893-94ರ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿ, ಮಿತ ಬಳಕೆಯಿಂದ ಹೇಳಿಕೊಳ್ಳುವಂಥ ಕೇಡಿಲ್ಲ, ನಿಷೇಧ ಬೇಡ, ತೆರಿಗೆ ಮತ್ತು ಪರವಾನಗಿಯ ಹತೋಟಿ ಸಾಕು ಎಂದಿತು. ಬೆಂಗಳೂರಿನ ಚಿತ್ರರಂಗದ ಮಾದಕವಸ್ತು ಪ್ರಕರಣ ಸುದ್ದಿಯಲ್ಲಿದ್ದ 2020ರಲ್ಲೇ ಯಾದಗಿರಿಯ ತಿಂಥಣಿ ಮೌನೇಶ್ವರ ಸನ್ನಿಧಿಯಲ್ಲಿ ಭಕ್ತರಿಗೆ ಗಾಂಜಾ ಪ್ರಸಾದವಾಗಿ ಸಲ್ಲುವುದನ್ನು ಪತ್ರಿಕೆಗಳು ಬರೆದವು. ಒಂದೇ ರಾಜ್ಯ, ಒಂದೇ ಗಿಡ.

ಹಾಗೆಂದು ಕಮಿಷನ್ನಿನ ಮದ್ದನ್ನು ನಾನು ಒಪ್ಪುವುದಿಲ್ಲ, ಮದ್ಯದ ಅನುಭವವೇ ಅದಕ್ಕೆ ಕಾರಣ. ಸಂವಿಧಾನದ 47ನೆಯ ವಿಧಿ ಪಾನನಿಷೇಧವನ್ನು ಗುರಿಯೆಂದು ಹೇಳಿದರೂ ಅಬಕಾರಿ ಆದಾಯದ ರುಚಿ ಹತ್ತಿದ ಖಜಾನೆ ಅದನ್ನು ಬಿಡಲಾರದು. 2007ರಲ್ಲಿ ಕರ್ನಾಟಕ ಸಾರಾಯಿಯನ್ನು ನಿಲ್ಲಿಸಿತು. ಅಬಕಾರಿ ಗುರಿ ಮಾತ್ರ ಏರುತ್ತಲೇ ಬಂತು. ಗಾಂಜಾವನ್ನೂ ಅದೇ ಕೈಗೆ ಕೊಟ್ಟರೆ ಕಪಿಗೆ ಹೆಂಡ ಕುಡಿಸಿದಂತೆ. ಅಂಗಡಿ ಬೇಡ, ಜಾಹೀರಾತು ಬೇಡ. ಮಾರುವವನ ಮೇಲಿನ ಕಾಯಿದೆ ಹಾಗೆಯೇ ಇರಲಿ.

ಸ್ವಂತಕ್ಕೆಂದು ಅಲ್ಪ ಪ್ರಮಾಣ ಇಟ್ಟುಕೊಂಡವನನ್ನು ಮಾತ್ರ ಅಪರಾಧಿಗಳ ಪಟ್ಟಿಯಿಂದ ತೆಗೆಯಬೇಕು. ಚಿಕಿತ್ಸೆಗೆ ಒಪ್ಪಿದ ವ್ಯಸನಿಗೆ ವಿಚಾರಣೆಯಿಂದ ವಿನಾಯಿತಿ ನೀಡುವ 64ಎ ಕಲಂ ಇದೇ ಕಾಯಿದೆಯಲ್ಲಿದೆ. ಆದರೆ ಆತ ಮೊದಲು ಆರೋಪಿಯಾಗಬೇಕು. ಅಷ್ಟರಲ್ಲಿ ದೃಢೀಕರಣ ಪತ್ರದ ಅಂಕಣ ತುಂಬಿರುತ್ತದೆ.