ಕೂಡುವುದಕ್ಕೊಂದು ನೆಪ

ಮನುಷ್ಯನು ಒಬ್ಬನೇ ಕುಳಿತು ಊಟ ಮಾಡಬಲ್ಲನು; ಒಬ್ಬನೇ ಕುಳಿತು ಹಬ್ಬ ಮಾಡಲಾರನು. ಹಬ್ಬಕ್ಕೆ ನೆರೆಯವರು ಬೇಕು, ನಂಟರು ಬೇಕು, ಕಡೆಗೆ ಜಗಳವಾಡುವುದಕ್ಕಾದರೂ ನಾಲ್ಕು ಮಂದಿ ಬೇಕು. ಆದರೆ ಈ ನಾಲ್ಕು ಮಂದಿ ಸುಮ್ಮನೆ ಬಂದು ಸೇರುವುದಿಲ್ಲ. “ಬನ್ನಿ, ಸ್ವಲ್ಪ ಹೊತ್ತು ಕೂಡಿ ಕುಳಿತುಕೊಳ್ಳೋಣ” ಎಂದು ಯಾರಾದರೂ ಕರೆದರೆ, ಕರೆದವನ ಮುಖವನ್ನೇ ಅನುಮಾನದಿಂದ ನೋಡುತ್ತಾರೆ. “ಭಜನೆಯುಂಟು”, “ಕುಸ್ತಿಯುಂಟು”, “ನಾಟಕದ ತಾಲೀಮು ಉಂಟು” ಎಂದರೆ ಮಾತ್ರ ಹೆಗಲ ಮೇಲೆ ವಸ್ತ್ರ ಹಾಕಿಕೊಂಡು ಎದ್ದು ಬರುತ್ತಾರೆ. ಕೂಡಬೇಕೆಂಬ ಆಸೆ ಎಲ್ಲರ ಮನಸ್ಸಿನಲ್ಲಿಯೂ ಮೊದಲೇ ಇರುತ್ತದೆ; ಅದು ಹೊಸಿಲು ದಾಟಿ ಹೊರಗೆ ಬರಲು ಒಂದು ನೆಪ ಬೇಕು. ಜಗತ್ತಿನಲ್ಲಿ ಎಷ್ಟೋ ಸಂಘಗಳು ಹುಟ್ಟಿದುದು ಹೀಗೆಯೇ.

ಈ ನೆಪವು ಹತ್ತಿರದ್ದೇ ಆಗಿರಬೇಕೆಂಬ ನಿಯಮವಿಲ್ಲ. ಅದು ಎಷ್ಟು ದೂರದ್ದಾಗಿರಬಹುದು ಎಂಬುದಕ್ಕೆ ಒಂದು ವಿನೋದವಾದ ನಿದರ್ಶನವುಂಟು. ಸ್ಕೀ ಎಂಬುದು ಚಳಿದೇಶಗಳ ಆಟ. ಎರಡು ಉದ್ದನೆಯ ಪಟ್ಟಿಗಳನ್ನು ಕಾಲಿಗೆ ಕಟ್ಟಿಕೊಂಡು, ಕೈಯಲ್ಲಿ ಎರಡು ಕೋಲುಗಳನ್ನು ಹಿಡಿದು, ಹಿಮ ಮುಚ್ಚಿದ ಬೆಟ್ಟದ ಇಳಿಜಾರಿನಲ್ಲಿ ಜಾರುತ್ತ ಹೋಗುವುದೇ ಈ ಆಟ. ಇದಕ್ಕೆ ಹಿಮ ಬೇಕು, ಬೆಟ್ಟ ಬೇಕು. ಅಮೆರಿಕೆಯ ಫ್ಲಾರಿಡಾ ಸಂಸ್ಥಾನದ ಮಯಾಮಿ ನಗರದಲ್ಲಿ ಇವೆರಡೂ ಇಲ್ಲ. ಅಲ್ಲಿ ಇರುವುದು ಕಡಲು, ಮರಳು ಮತ್ತು ತೆಂಗಿನ ಮರಗಳು. 1977ರ ಜನವರಿ 19ರಂದು ಆ ಊರಿನಲ್ಲಿ ಕೆಲವು ಹಿಮದ ಹರಳುಗಳು ಉದುರಿದುದನ್ನು ಜನ ಇಂದಿಗೂ ಒಂದು ಅದ್ಭುತವೆಂಬಂತೆ ಹೇಳುತ್ತಾರೆ. ಇನ್ನು ಬೆಟ್ಟದ ಮಾತಂತೂ ಕೇಳುವುದೇ ಬೇಡ. ಇಡೀ ಫ್ಲಾರಿಡಾದ ಅತ್ಯುನ್ನತ ಸ್ಥಳವೇ ಸಮುದ್ರಮಟ್ಟದಿಂದ ಸುಮಾರು 105 ಮೀಟರ್ ಎತ್ತರದಲ್ಲಿದೆ. ಸುಮಾರು 400 ಮೀಟರ್ ಎತ್ತರದಲ್ಲಿರುವ ರಾಯಚೂರು ಆ ಲೆಕ್ಕದಲ್ಲಿ ಒಂದು ಗಿರಿಶಿಖರವೇ ಸರಿ! ಹೀಗಿದ್ದರೂ ಮಯಾಮಿಯಲ್ಲಿ ಒಂದು ಸ್ಕೀ ಸಂಘವಿದೆ. ಅಷ್ಟೇ ಅಲ್ಲ, ಫ್ಲಾರಿಡಾದ ಬೇರೆ ಬೇರೆ ಊರುಗಳಲ್ಲಿರುವ ಇಂಥ ಸಂಘಗಳೆಲ್ಲ ಸೇರಿದ ಒಂದು ಒಕ್ಕೂಟವೂ ಇದೆ.

ಹಿಮವಿಲ್ಲದ ಊರಿನಲ್ಲಿ ಹಿಮದ ಸಂಘದವರು ಏನು ಮಾಡುತ್ತಾರೆ? ವರ್ಷಕ್ಕೆ ಒಂದೆರಡು ಬಾರಿ ಕೂಡಿ ಹೊರಟು, ಸಾವಿರಾರು ಕಿಲೋಮೀಟರ್ ದೂರದ ಬೆಟ್ಟಗಳಿಗೆ ಹೋಗಿ ಜಾರಿ ಬರುತ್ತಾರೆ. ಉಳಿದ ದಿನಗಳಲ್ಲಿ ಸಭೆ ಸೇರುತ್ತಾರೆ, ಕಡಲ ತೀರದಲ್ಲಿ ವನಭೋಜನ ಮಾಡುತ್ತಾರೆ, ದೋಣಿಯಲ್ಲಿ ವಿಹರಿಸುತ್ತಾರೆ, ಮುಂದಿನ ಪ್ರವಾಸದ ವೆಚ್ಚವನ್ನು ಲೆಕ್ಕ ಹಾಕುತ್ತಾರೆ. ಪಳಗಿದವರು ಹೊಸಬರಿಗೆ ಯಾವ ಉಡುಪು ಬೇಕು, ಬಿದ್ದರೆ ಹೇಗೆ ಏಳಬೇಕು ಎಂದು ಹೇಳಿಕೊಡುತ್ತಾರೆ. ಜಾರುವುದು ಒಂದು ವಾರ, ಅದರ ಮಾತು ವರ್ಷವಿಡೀ. ಮೇಲ್ನೋಟಕ್ಕೆ ಇದು ನಗೆ ಬರಿಸುವ ಸಂಗತಿ. ಆದರೆ ಯೋಚಿಸಿದರೆ ನಗೆಯು ನಿಲ್ಲುತ್ತದೆ. ದೊಡ್ಡ ನಗರಗಳಲ್ಲಿ ಎಲ್ಲೆಲ್ಲಿಂದಲೋ ಬಂದು ನೆಲೆಸಿದ ಜನರಿರುತ್ತಾರೆ. ಪಕ್ಕದ ಮನೆಯವನ ಹೆಸರು ಕೂಡ ತಿಳಿದಿರುವುದಿಲ್ಲ. ಅಂಥವರಿಗೆ ಆ ದೂರದ ಹಿಮವು ಪರಸ್ಪರ ಪರಿಚಯ ಮಾಡಿಕೊಟ್ಟಿದೆ. ಹಿಮ ಕರಗಿದರೂ ಪರಿಚಯ ಕರಗುವುದಿಲ್ಲ.

ಕನ್ನಡ ನಾಡಿಗೂ ಸ್ಕೀಗೂ ಸಂಬಂಧವೇ ಇಲ್ಲವೆಂದು ಹೇಳುವಂತಿಲ್ಲ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು 2024ರಲ್ಲಿ ಕಾಶ್ಮೀರದ ಗುಲ್ಮಾರ್ಗದಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನದ ಪದಕಗಳನ್ನು ತಂದರು. 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯೊಂದರಲ್ಲಿ ಕಂಚಿನ ಪದಕವನ್ನು ಗಳಿಸಿದರು. ಮಳೆಯ ನಾಡಿನಲ್ಲಿ ಹುಟ್ಟಿ ಹಿಮದ ಆಟದಲ್ಲಿ ಗೆದ್ದುದು ಸಣ್ಣ ಸಾಧನೆಯಲ್ಲ. ಆದರೆ ಅಂಥ ಆಟಗಾರ್ತಿಗೆ ಹಿಮವೇ ಗುರಿ. ಸಂಘದ ಸಾಮಾನ್ಯ ಸದಸ್ಯರಿಗಾದರೋ ಹಿಮವು ಗುರಿಗಿಂತ ಹೆಚ್ಚಾಗಿ ನೆಪ. ಈ ಎರಡನೆಯ ಬಗೆಯ ಜನರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಬಿಸಿಲಿಗೆ ಹೆಸರಾದ ರಾಯಚೂರಿನಲ್ಲಿಯೂ ಇದ್ದಾರೆ.

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಹರಡಿರುವ ರಾಯಚೂರು ಸೀಮೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಮಧ್ಯಾಹ್ನದ ಹೊತ್ತು ಬೀದಿಗಳು ಬರಿದಾಗಿರುತ್ತವೆ. ಮೊದಲ ಮಳೆ ಬಿದ್ದು ನೆಲದ ಕಾವು ಇಳಿಯುವ ಹೊತ್ತಿಗೆ ಜ್ಯೇಷ್ಠ ಮಾಸದ ಹುಣ್ಣಿಮೆ ಬರುತ್ತದೆ. ಅದೇ ಕಾರ ಹುಣ್ಣಿಮೆ. ಬಿತ್ತನೆಯ ದುಡಿಮೆಗೆ ಮುನ್ನ ಎತ್ತುಗಳನ್ನು ಗೌರವಿಸುವ ಹಬ್ಬವಿದು. ಎತ್ತುಗಳ ಮೈ ತೊಳೆದು, ಕೋಡುಗಳಿಗೆ ಬಣ್ಣ ಹಚ್ಚಿ, ಕೊರಳಿಗೆ ಗೆಜ್ಜೆ ಕಟ್ಟಿ, ಸಂಜೆ ಊರ ಅಗಸಿಯ ಬಳಿ ಕರಿ ಹರಿಯುವುದಕ್ಕಾಗಿ ಓಡಿಸುತ್ತಾರೆ. ಮೊದಲು ಬಂದ ಎತ್ತಿನ ಬಣ್ಣವನ್ನು ನೋಡಿ, ಈ ವರ್ಷ ಮುಂಗಾರಿ ಬೆಳೆ ಚೆನ್ನಾದೀತೋ ಹಿಂಗಾರಿ ಬೆಳೆ ಚೆನ್ನಾದೀತೋ ಎಂದು ಹಿರಿಯರು ಭವಿಷ್ಯ ನುಡಿಯುತ್ತಾರೆ. ಆ ಭವಿಷ್ಯ ನಿಜವಾಗಲೇಬೇಕೆಂದೇನೂ ಇಲ್ಲ. ಅದನ್ನು ಕೇಳಲು ಊರೆಲ್ಲ ಒಂದೆಡೆ ಸೇರಿತಲ್ಲ, ಅಷ್ಟರಿಂದಲೇ ಹಬ್ಬದ ಕೆಲಸ ಮುಗಿಯಿತು.

ರಾಯಚೂರು ನಗರದಲ್ಲಿ ಈ ಹುಣ್ಣಿಮೆಯ ಹೊತ್ತಿಗೆ ಮುನ್ನೂರು ಕಾಪು ಸಮಾಜದವರು ಮುಂಗಾರು ಹಬ್ಬವನ್ನು ನಡೆಸುತ್ತಾರೆ. ಕುಸ್ತಿ, ಕಲ್ಲು ಎತ್ತುವುದು, ಉಸುಕಿನ ಚೀಲ ಎತ್ತುವುದು ಮೊದಲಾದವುಗಳೊಡನೆ ಎತ್ತುಗಳಿಂದ ಭಾರವಾದ ಬಂಡೆಯನ್ನು ಎಳೆಸುವ ಸ್ಪರ್ಧೆಯೂ ಅಲ್ಲಿ ನಡೆಯುತ್ತದೆ. ಟನ್ನುಗಟ್ಟಲೆ ತೂಕದ ಬಂಡೆಗೆ ಗಾಲಿಯಿಲ್ಲ. ನಿಗದಿಯಾದ ಸಮಯದಲ್ಲಿ ಅದನ್ನು ನೆಲದ ಮೇಲೆ ಎಷ್ಟು ದೂರ ಎಳೆಯಲಾಯಿತು ಎಂಬುದರ ಮೇಲೆ ಸೋಲುಗೆಲುವು ತೀರ್ಮಾನವಾಗುತ್ತದೆ. ಸ್ಕೀಯ ಆಟಕ್ಕೂ ಇದಕ್ಕೂ ಇರುವ ಅಂತರವನ್ನು ವಿಜ್ಞಾನದ ವಿದ್ಯಾರ್ಥಿಗಳು ಒಂದೇ ಮಾತಿನಲ್ಲಿ ಹೇಳಬಲ್ಲರು: ಅಲ್ಲಿ ಘರ್ಷಣೆ ಅತ್ಯಲ್ಪ, ಇಲ್ಲಿ ಅತ್ಯಧಿಕ. ಹಿಮವು ಮನುಷ್ಯನನ್ನು ಜಾರಿಸಿಬಿಡುತ್ತದೆ. ರಾಯಚೂರಿನ ನೆಲವು ಬಂಡೆಯನ್ನು ಹಿಡಿದುಕೊಂಡು ಬಿಡಲೊಲ್ಲದು. ಆದರೆ ಸುತ್ತ ನೆರೆದ ಜನರ ಉತ್ಸಾಹದಲ್ಲಿ ಅಂತರವಿಲ್ಲ. ಗಡಿಯಾಚೆಯ ಊರುಗಳಿಂದಲೂ ಎತ್ತುಗಳ ಜೋಡಿಗಳು ಬರುತ್ತವೆ. ಎತ್ತಿನ ಹಲ್ಲು, ಸುಳಿ, ಮೇವುಗಳ ವಿಚಾರದಲ್ಲಿ ಅಪರಿಚಿತರು ಬಂಧುಗಳಂತೆ ಮಾತಿಗೆ ತೊಡಗುತ್ತಾರೆ. ಈ ಸಂತೋಷವು ಮೂಕಪ್ರಾಣಿಯ ಬೆನ್ನಿನ ಮೇಲೆ ಬರೆಯಾಗದಂತೆ ನೋಡಿಕೊಳ್ಳುವುದು ಮಾತ್ರ ನೆರೆದವರೆಲ್ಲರ ಹೊಣೆ. ಎತ್ತನ್ನು ಗೌರವಿಸುವ ಹಬ್ಬದಲ್ಲಿ ಎತ್ತೇ ನೊಂದರೆ ನೆಪವೂ ಕೆಟ್ಟಿತು, ಹಬ್ಬವೂ ಕೆಟ್ಟಿತು.

ಕಲ್ಲನ್ನು ಕೂಡಿ ಎಳೆಯುವುದು ಈ ಊರಿಗೆ ಹೊಸದಲ್ಲ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ರಾಯಚೂರಿನ ಕೋಟೆಯನ್ನು ಕಟ್ಟಿದ ಸಂಗತಿಯನ್ನು ಸಾರುವ ಶಾಸನವು ಕೋಟೆಯ ಗೋಡೆಯಲ್ಲಿರುವ ಒಂದು ಮಹಾಶಿಲೆಯ ಮೇಲೆ ಇದೆ. ಅದರ ಉದ್ದ ಸುಮಾರು 41 ಅಡಿ. ಅಷ್ಟು ದೊಡ್ಡ ಕಲ್ಲನ್ನು ಬಂಡಿಯ ಮೇಲೇರಿಸಿ, ಕೋಣಗಳ ಸಾಲಿನಿಂದ ಎಳೆಸಿ, ಹಿಂದಿನಿಂದ ಜನರು ಸನ್ನೆಗೋಲು ಕೊಟ್ಟು ತಂದ ದೃಶ್ಯವನ್ನು ಅಲ್ಲಿಯೇ ರೇಖೆಗಳಲ್ಲಿ ಕೊರೆದಿದ್ದಾರೆ. ಅರಸರ ವಿಜಯಗಳನ್ನು ಸಾರುವ ಶಾಸನಗಳು ಸಾವಿರಾರು ಇವೆ. ಹೆಸರಿಲ್ಲದ ಜನರು ಕೂಡಿ ದುಡಿದುದನ್ನು ಚಿತ್ರಿಸಿದ ಕಲ್ಲುಗಳು ವಿರಳ.

ರಾಯಚೂರು ಸೀಮೆಯಲ್ಲಿ ಇದಕ್ಕಿಂತಲೂ ಸೂಕ್ಷ್ಮವಾದ ಮತ್ತೊಂದು ಕೂಟವು ಬೆಳೆಯಿತು. ಅದರ ಹೆಸರಿನಲ್ಲಿಯೇ ಕೂಟವೆಂಬ ಮಾತಿದೆ, ಅದೇ ದಾಸಕೂಟ. ಪುರಂದರದಾಸರು ಮತ್ತು ಕನಕದಾಸರ ಕಾಲದ ತರುವಾಯ, ಹದಿನೆಂಟನೆಯ ಶತಮಾನದಲ್ಲಿ, ದಾಸಪರಂಪರೆಯು ಮತ್ತೆ ಚಿಗುರಿದುದು ಈ ಮಣ್ಣಿನಲ್ಲಿ. ವಿಜಯದಾಸರು (1682–1755) ಮಾನವಿ ತಾಲ್ಲೂಕಿನ ಚೀಕಲಪರವಿಯವರು. ಅವರ ಶಿಷ್ಯರಾದ ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ‘ಹರಿಕಥಾಮೃತಸಾರ’ವನ್ನು ರಚಿಸಿದ ಜಗನ್ನಾಥದಾಸರು (1728–1809) ಮಾನವಿ ತಾಲ್ಲೂಕಿನ ಬ್ಯಾಗವಾಟದಲ್ಲಿ ಹುಟ್ಟಿ ಮಾನವಿಯಲ್ಲಿ ನೆಲೆಸಿದವರು. ಹರಿಸ್ಮರಣೆಯು ಇವರಿಗೆ ನೆಪವಾಗಿರಲಿಲ್ಲ, ಅದೇ ಬದುಕಾಗಿತ್ತು. ಆದರೆ ಆ ಬದುಕನ್ನು ಇವರು ಒಬ್ಬೊಬ್ಬರೇ ಬದುಕಲಿಲ್ಲ. ತಂಬೂರಿ ಹಿಡಿದು, ಕಾಲಿಗೆ ಗೆಜ್ಜೆ ಕಟ್ಟಿ, ತಿಳಿಯುವ ಕನ್ನಡದಲ್ಲಿ, ಕೂಡಿ ಹಾಡಿದರು.

ಜಗನ್ನಾಥದಾಸರು ಈ ಕೂಟಕ್ಕೆ ಬಂದ ಬಗೆಯನ್ನು ಕುರಿತು ಸಂಪ್ರದಾಯದಲ್ಲಿ ಒಂದು ಕಥೆಯಿದೆ. ಮೊದಲು ಅವರು ಶ್ರೀನಿವಾಸಾಚಾರ್ಯರೆಂಬ ಹೆಸರಿನ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುತ್ತ ಊರೂರು ಸುತ್ತುವ ದಾಸರ ವಿಷಯದಲ್ಲಿ ಅವರಿಗೆ ಆದರವಿರಲಿಲ್ಲ. ವಿಜಯದಾಸರು ಮಾನವಿಗೆ ಬಂದಾಗ ಪಂಡಿತರನ್ನು ಊಟಕ್ಕೆ ಆಹ್ವಾನಿಸಿದರಂತೆ. ಆ ಪಂಕ್ತಿಯಲ್ಲಿ ಕುಳಿತುಕೊಳ್ಳಲು ಇಷ್ಟವಿಲ್ಲದೆ ಪಂಡಿತರು ಹೊಟ್ಟೆನೋವೆಂದು ಸುಳ್ಳು ಹೇಳಿ ಕಳುಹಿಸಿದರಂತೆ. ಸುಳ್ಳೇ ನಿಜವಾಗಿ, ಯಾವ ಔಷಧಕ್ಕೂ ಬಗ್ಗದ ಹೊಟ್ಟೆನೋವು ಅವರನ್ನು ಹಿಡಿಯಿತು. ಕಡೆಗೆ ವಿಜಯದಾಸರ ಬಳಿಗೇ ಹೋಗಿ ಶರಣಾದರು. ವಿಜಯದಾಸರು ಅವರನ್ನು ಗೋಪಾಲದಾಸರ ಬಳಿಗೆ ಕಳುಹಿಸಿದರು. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಅವರಿಗೆ ಧಾರೆಯೆರೆದರೆಂದು ಕಥೆ ಹೇಳುತ್ತದೆ. ಆಯುಷ್ಯವನ್ನು ಹೀಗೆ ಕೊಡಬಹುದೇ ಎಂದು ಇಂದಿನ ಓದುಗರು ಕೇಳಬಹುದು. ಆದರೆ ಕಥೆಯ ತಿರುಳು ಸ್ಪಷ್ಟವಾಗಿದೆ. ಕೂಟಕ್ಕೆ ಬರಲೊಲ್ಲೆನೆಂದು ಒಬ್ಬನು ನೆಪ ಹೇಳಿದನು. ಆ ನೆಪವೇ ರೋಗವಾಯಿತು. ಕೂಟದವನೊಬ್ಬನು ತನ್ನ ಬಾಳಿನ ಪಾಲನ್ನೇ ಕೊಟ್ಟನು, ಅದು ಔಷಧವಾಯಿತು. ಕೂಡುವುದಕ್ಕೆ ನೆಪವಿರುವಂತೆ ಕೂಡದಿರುವುದಕ್ಕೂ ನೆಪಗಳುಂಟು. ವಿದ್ಯೆ, ಹಣ, ಕುಲಗಳ ಅಭಿಮಾನವು ಅವುಗಳಲ್ಲಿ ಮುಖ್ಯವಾದುದು.

ದಾಸರ ಹಾಡುಗಳು ಇಂದಿಗೂ ಹಳ್ಳಿಗಳ ಭಜನಾ ಮಂಡಳಿಗಳಲ್ಲಿ ಉಳಿದುಕೊಂಡಿವೆ. ಅವುಗಳ ಪಕ್ಕದಲ್ಲಿಯೇ ತತ್ತ್ವಪದಗಳೂ ಇವೆ. ಹಗಲೆಲ್ಲ ಹೊಲದಲ್ಲಿ ದುಡಿದವರು ರಾತ್ರಿ ಗುಡಿಯ ಕಟ್ಟೆಯ ಮೇಲೆ ತಾಳ, ದಮ್ಮಡಿ, ಹಾರ್ಮೋನಿಯಂಗಳೊಡನೆ ಕುಳಿತುಕೊಳ್ಳುತ್ತಾರೆ. ಹಾಡು ಮುಗಿದ ಮೇಲೆ ಮಳೆಯ ಮಾತು, ಬೀಜದ ಮಾತು, ಮಗಳ ಮದುವೆಯ ಮಾತು ಬರುತ್ತದೆ. ಯಾರ ಹೊಲದಲ್ಲಿ ಕೆಲಸ ಹಿಂದೆ ಬಿದ್ದಿದೆ ಎಂಬುದು ಅಲ್ಲಿ ತಿಳಿಯುತ್ತದೆ. ಮರುದಿನ ಮುಯ್ಯಾಳುಗಳು ಆ ಹೊಲದಲ್ಲಿರುತ್ತಾರೆ. ಒಂದು ಮನೆಯಲ್ಲಿ ಸಾವಾದ ರಾತ್ರಿ, ಯಾರೂ ಕರೆಯದಿದ್ದರೂ, ಭಜನೆಯವರು ಬಂದು ಆ ಅಂಗಳದಲ್ಲಿ ಬೆಳಗಿನವರೆಗೆ ಹಾಡುತ್ತಾರೆ. ದುಃಖವನ್ನು ಅವರು ಕಳೆಯಲಾರರು. ದುಃಖಪಡುವವರನ್ನು ಒಂಟಿಯಾಗಿ ಬಿಡಲಾರರು. ಕೂಟವೊಂದರ ಬೆಲೆ ತಿಳಿಯುವುದು ಇಂಥ ರಾತ್ರಿಗಳಲ್ಲಿ.

ಆದರೂ ಕೂಟವೆಂದೊಡನೆ ಎಲ್ಲವೂ ಒಳ್ಳೆಯದೆಂದು ತಿಳಿಯಬಾರದು. ಕೂಟಕ್ಕೆ ಒಂದು ಬಾಗಿಲಿರುತ್ತದೆ. ಬಾಗಿಲು ತೆರೆಯಲೂ ಬಲ್ಲುದು, ಮುಚ್ಚಲೂ ಬಲ್ಲುದು. ಬ್ರಿಟಿಷರ ಆಳ್ವಿಕೆಯಲ್ಲಿ ಎಷ್ಟೋ ಕ್ಲಬ್ಬುಗಳಿಗೆ ಭಾರತೀಯರು ಸದಸ್ಯರಾಗಿ ಪ್ರವೇಶಿಸುವಂತಿರಲಿಲ್ಲ. ಆ ಅವಮಾನವನ್ನು ನೆನೆದು ಕೋಪಗೊಳ್ಳುವುದು ಸುಲಭ. ಆದರೆ ಹಳ್ಳಿಯ ಗುಡಿಯ ಕಟ್ಟೆಯ ಮೇಲೆ ಕೂಡ ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತುಕೊಳ್ಳಲಾಗದ ಕಾಲವಿತ್ತೆಂಬುದನ್ನೂ, ಗರಡಿಮನೆಯ ಹೊಸಿಲನ್ನು ಹೆಣ್ಣುಮಕ್ಕಳು ತುಳಿಯುವಂತಿರಲಿಲ್ಲವೆಂಬುದನ್ನೂ ಮರೆಯಬಾರದು. ಕಾಲವು ಈ ಬಾಗಿಲುಗಳನ್ನು ಒಂದೊಂದಾಗಿ ತಳ್ಳುತ್ತಿದೆ. ಮಹಿಳೆಯರು ತಮ್ಮದೇ ಭಜನಾ ಮಂಡಳಿಗಳನ್ನು ಕಟ್ಟಿಕೊಂಡಿದ್ದಾರೆ; ಹುಡುಗಿಯರು ಕುಸ್ತಿಯ ಕಣಕ್ಕೆ ಇಳಿದಿದ್ದಾರೆ. ಬಾಗಿಲೇ ಇಲ್ಲವೇನೋ ಎಂಬಂತಹ ಕೂಟಗಳೂ ಈ ಜಿಲ್ಲೆಯಲ್ಲಿವೆ. ಮುದಗಲ್ಲಿನ ಮೊಹರಮ್ಮಿನಲ್ಲಿ, ಹಳ್ಳಿಹಳ್ಳಿಗಳ ಅಲಾಯಿ ಹಬ್ಬದಲ್ಲಿ, ಹಿಂದೂಗಳೂ ಮುಸಲ್ಮಾನರೂ ಒಂದೇ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ.

ಸಂಘವನ್ನು ಅದರ ಫಲಕದ ಮೇಲಿನ ಹೆಸರಿನಿಂದ ಅಳೆಯುವುದು ಸರಿಯಲ್ಲ. ಹೆಸರು ಹಿಮದ್ದಾಗಿರಬಹುದು, ಎತ್ತಿನದಾಗಿರಬಹುದು, ಹಾಡಿನದಾಗಿರಬಹುದು. ಹೊಸಬನು ಬಂದಾಗ ಅವನಿಗೆ ಕುಳಿತುಕೊಳ್ಳಲು ಜಾಗ ಮಾಡಿದರೇ, ತಿಳಿಯದವನಿಗೆ ತಾಳ ಹಿಡಿಯುವುದನ್ನು ಕಲಿಸಿದರೇ, ಬಾರದಿದ್ದವನ ಮನೆಗೆ ಮರುದಿನ ಹೋಗಿ “ಯಾಕೆ ಬರಲಿಲ್ಲ?” ಎಂದು ವಿಚಾರಿಸಿದರೇ ಎಂಬ ಈ ಮೂರು ಪ್ರಶ್ನೆಗಳಿಗೆ ಹೌದೆಂಬ ಉತ್ತರ ದೊರೆತರೆ ಸಾಕು. ಅಂಥ ಸಂಘವು ಹಿಮವೇ ಬೀಳದ ಊರಿನಲ್ಲಿ ಹಿಮದ ಹೆಸರನ್ನು ಹೊತ್ತಿದ್ದರೂ ನಗುವುದಕ್ಕೆ ಕಾರಣವಿಲ್ಲ.